ಕಪ್ಪು ಊದುಬತ್ತಿ, 100 ಗ್ರಾಂಗೆ 80 ರೂಪಾಯಿ

ಮೊದಲು ವಾಸನೆ ವಿಷಯ ಮುಗಿಸಿಬಿಡುತ್ತೇನೆ. ಬಹಳ ಜನಕ್ಕೆ ಬೇಕಾಗಿರುವುದು ಅದೇ ಅಲ್ವಾ. ಚೆನ್ನಾಗಿದೆ. ಪೊಟ್ಟಣ ಬಿಚ್ಚಿದ ಕೂಡಲೇ ಮೂಗಿಗೆ ಹೊಡೆಯುವುದಿಲ್ಲ, ಹಚ್ಚಿದ ಮೇಲೆ ನಿಧಾನಕ್ಕೆ ಬರುತ್ತದೆ, ಆರಿ ಹೋದ ಮೇಲೂ ಪರದೆಯಲ್ಲಿ, ಸೀರೆ ಸೆರಗಿನಲ್ಲಿ ಒಂದು ಗಳಿಗೆ ಉಳಿದಿರುತ್ತದೆ. ನನಗೆ ಧೂಳಿನ ಅಲರ್ಜಿ. ದುಡ್ಡಿಗೆ ಎರಡು ಸಿಗುವ ಪ್ಯಾಕೆಟ್ ಕಡ್ಡಿ ಹಚ್ಚಿದರೆ ಸಾಲಾಗಿ ಸೀನು ಬರುತ್ತದೆ. ಇದಕ್ಕೆ ಬರಲಿಲ್ಲ.

ಅಂಗಡಿ ಇರುವುದು ಮೈಸೂರಿನ ದೇವರಾಜ ಮಾರುಕಟ್ಟೆಯಲ್ಲಿ. ಕುಂಕುಮ, ಅರಿಶಿನದ ಗುಡ್ಡೆಗಳನ್ನು ಟೂರಿಸ್ಟುಗಳು ಫೋಟೋ ತೆಗೆಯುತ್ತಾ ನಿಂತಿರುತ್ತಾರಲ್ಲ, ಅಂಥ ಸಾಲಿನಲ್ಲೇ. ಹೆಸರು ಬರೆಯುವುದಿಲ್ಲ, ಯಾಕೆ ಅಂತ ಮುಂದೆ ಗೊತ್ತಾಗುತ್ತದೆ. ಇಬ್ಬರು ನಿಂತರೆ ಮೂರನೆಯವರು ಹೊರಗೆ ಕಾಯಬೇಕು, ಅಷ್ಟೇ ಜಾಗ. ಗಾಜಿನ ಭರಣಿಗಳಲ್ಲಿ ಅತ್ತರು, ಕೆಳಗೆ ಪೇಪರಿನಲ್ಲಿ ಸುತ್ತಿಟ್ಟ ಬತ್ತಿಯ ಕಟ್ಟುಗಳು. ಕೂತಿರುವವರು ಅರವತ್ತು ದಾಟಿದ ಒಬ್ಬ ಭಾಯಿ. ಮಾತು ಕಡಿಮೆ. ಟೂರಿಸ್ಟು ಬಂದರೆ ಮಾತ್ರ ನಾಲ್ಕು ಭಾಷೆಯಲ್ಲಿ ಮಾತಾಡುತ್ತಾರೆ.

ನಾನು ಮೂರು ಬಗೆ ತಂದಿದ್ದೆ. ಮಲ್ಲಿಗೆ ಸೆಂಟ್ ಬತ್ತಿ 100 ಗ್ರಾಂಗೆ 50 ರೂಪಾಯಿ, ಸುಮಾರಾಗಿದೆ, ಬೇರೆಲ್ಲ ಕಡೆ ಸಿಗುವುದಕ್ಕಿಂತ ಹೆಚ್ಚೇನಲ್ಲ. ಹಾಲ್ಮಡ್ಡಿ ಬತ್ತಿ 140. ಹಾಲ್ಮಡ್ಡಿ ಅಂದರೆ ಮರದ ಅಂಟು, ಗಾಳಿಯಲ್ಲಿರುವ ತೇವ ಹೀರಿಕೊಳ್ಳುತ್ತದೆ, ಅದಕ್ಕೇ ಆ ಬತ್ತಿ ಮುಟ್ಟಿದರೆ ಸ್ವಲ್ಪ ಮೆತ್ತಗೆ ಇರುತ್ತದೆ. ಮಳೆಗಾಲದಲ್ಲಿ ಡಬ್ಬಿಯ ಮುಚ್ಚಳ ಬಿಗಿ ಇಲ್ಲದಿದ್ದರೆ ಹಚ್ಚಿದ್ದು ಅರ್ಧಕ್ಕೇ ಆರಿಹೋಗುತ್ತದೆ, ಎರಡು ಸಲ ಹಾಗಾಯಿತು. ನಾನು ಹೇಳುವುದು ಮೂರನೆಯದರ ಬಗ್ಗೆ, 80 ರೂಪಾಯಿಯ ಮಸಾಲೆ ಬತ್ತಿ. ಕಪ್ಪಗೆ, ಒರಟಾಗಿ, ಒಂದೊಂದು ಕಡ್ಡಿ ಒಂದೊಂದು ದಪ್ಪ. ಮೆಷಿನ್ನಿನದಾದರೆ ಎಲ್ಲ ಒಂದೇ ಅಳತೆ ಇರುತ್ತದೆ. ಇದು ಕೈಯಲ್ಲಿ ಹೊಸೆದದ್ದು. 100 ಗ್ರಾಂ ಎಣಿಸಿದೆ, 75 ಕಡ್ಡಿ ಬಂತು. ಒಂದೊಂದು ಮುಕ್ಕಾಲು ಗಂಟೆ ಉರಿಯುತ್ತದೆ. ಬೂದಿ ಮಾತ್ರ ದೂರ ಬೀಳುತ್ತದೆ, ಕೆಳಗೆ ದೊಡ್ಡ ತಟ್ಟೆ ಇಡಿ.

ಇನ್ನು ದೂರು. ಗೃಹಪ್ರವೇಶಕ್ಕೆ ತಾಂಬೂಲದ ಜೊತೆ ಕೊಡೋಣ ಅಂತ 25 ಕಡ್ಡಿಯ 120 ಕಟ್ಟು ಹೇಳಿದ್ದೆ. ಒಟ್ಟು 3,000 ಕಡ್ಡಿ, 4 ಕೆಜಿ, ಲೆಕ್ಕದ ಪ್ರಕಾರ 3,200 ರೂಪಾಯಿ. ಚೌಕಾಸಿ ಮಾಡಿ 200 ಇಳಿಸಿದೆ. ಅರ್ಧ ಮುಂಗಡ ಕೊಟ್ಟೆ. 2025ರ ಫೆಬ್ರವರಿ 16ನೇ ತಾರೀಕು ಭಾನುವಾರ ಗೃಹಪ್ರವೇಶ, ಮಂಗಳವಾರವೇ ಕೊಡುತ್ತೇನೆ ಅಂದಿದ್ದರು. ಮಂಗಳವಾರ ಹೋದರೆ ಅಂಗಡಿ ಬಾಗಿಲು ಹಾಕಿದೆ. ಬುಧವಾರ ಭಾಯಿ ಇದ್ದರು, ಬತ್ತಿ ಇಲ್ಲ. ನನಗೆ ಸಿಟ್ಟು ಬಂತು. ಮುಂಗಡ ತಗೊಂಡು ಹೀಗೆ ಮಾಡಿದರೆ ಹೇಗೆ ಭಾಯ್, ಅಂದೆ. ಅವರು, "ಗಲಾಟೆ ಆಯ್ತಲ್ಲಮ್ಮ, ಹುಡುಗ ಮಾಲು ತರೋಕೆ ಹೆದರ್ತಾನೆ" ಅಂದರು.

ಆ ಸೋಮವಾರ, 10ನೇ ತಾರೀಕು ರಾತ್ರಿ ಉದಯಗಿರಿ ಪೊಲೀಸ್ ಠಾಣೆಗೆ ಕಲ್ಲು ಬಿದ್ದಿತ್ತು. ಸೋಷಿಯಲ್ ಮೀಡಿಯಾದಲ್ಲಿ ಯಾರೋ ಒಬ್ಬ ಹಾಕಿದ ಪೋಸ್ಟಿನಿಂದ ಶುರುವಾಗಿದ್ದು. ಜನ ಸೇರಿದರು, ಕಲ್ಲು ತೂರಿದರು, ಪೊಲೀಸರಿಗೆ ಪೆಟ್ಟಾಯಿತು, ಅಶ್ರುವಾಯು ಹೊಡೆದರು. ನಾನು ಇರುವುದು ಊರಿನ ಇನ್ನೊಂದು ಕಡೆ, ಬೋಗಾದಿಯಲ್ಲಿ. ನನಗೆ ಅದು ಟಿವಿಯಲ್ಲಿ ನೋಡಿದ ಸುದ್ದಿ, ಅಷ್ಟೇ. ನಮ್ಮ ಗೃಹಪ್ರವೇಶದ ಬತ್ತಿಗೂ ಅದಕ್ಕೂ ಸಂಬಂಧ ಇರುತ್ತದೆ ಅಂತ ಹೊಳೆದಿರಲೇ ಇಲ್ಲ.

ಮೊದಲೇ ಹೇಳುತ್ತೇನೆ, ಠಾಣೆಗೆ ಕಲ್ಲು ಹೊಡೆದದ್ದು ತಪ್ಪು. ಅದರಲ್ಲಿ ಆದರೆ, ಹೋದರೆ ಏನಿಲ್ಲ. ಪೆಟ್ಟು ತಿಂದ ಕಾನ್ಸ್‌ಟೇಬಲ್‌ಗಳಿಗೂ ಮನೆ ಮಠ ಇದೆ. ಆದರೆ ನನ್ನ ಬತ್ತಿ ಹೊಸೆಯುವವರು ಆ ರಾತ್ರಿ ಬೀದಿಗೆ ಬಂದವರಲ್ಲ.

ಗುರುವಾರ ನಾನೇ ಸ್ಕೂಟರ್ ತಗೊಂಡು ಹೋದೆ. ಭಾಯಿ ವಿಳಾಸ ಬರೆದುಕೊಟ್ಟಿದ್ದರು. ನನ್ನ ಗಂಡ ಬೇಡ ಅಂದರು, ಆಫೀಸಿನವರು ಬೇಡ ಅಂದರು, ನಮ್ಮ ಅಪಾರ್ಟ್‌ಮೆಂಟಿನ ವಾಟ್ಸಾಪ್ ಗುಂಪಿನಲ್ಲಂತೂ ಆ ಕಡೆ ತಿರುಗಿಯೂ ನೋಡಬೇಡಿ ಅಂತ ಮೆಸೇಜುಗಳು. ಮೈಸೂರಿನಲ್ಲಿ ಹದಿನೈದು ವರ್ಷದಿಂದ ಇದ್ದೇನೆ. ಉದಯಗಿರಿ ಕಡೆಯ ಶಾಂತಿನಗರ, ರಾಜೀವ್‌ನಗರ, ಗೌಸಿಯಾನಗರದ ಹೆಸರು ಕೇಳಿದ್ದೇನೆ, ಒಂದು ಸಲವೂ ಒಳಗೆ ಹೋಗಿರಲಿಲ್ಲ. ಹೋಗುವ ಕೆಲಸ ಬಿದ್ದಿರಲಿಲ್ಲ ಅಂತ ಅಂದುಕೊಂಡಿದ್ದೆ. ಕೆಲಸ ಇತ್ತು. ದಿನಾ ಬೆಳಿಗ್ಗೆ ಸ್ನಾನ ಮಾಡಿ ಹಚ್ಚುವ ಕಡ್ಡಿ ಆ ಕಡೆಯಿಂದ ಬರುತ್ತಿತ್ತು, ನನಗೆ ಗೊತ್ತಿರಲಿಲ್ಲ.

ಮುಖ್ಯರಸ್ತೆಯಲ್ಲಿ ಪೊಲೀಸ್ ವ್ಯಾನುಗಳು ನಿಂತಿದ್ದವು. ಒಳಗೆ ತಿರುಗಿದರೆ ಮಾಮೂಲಿ ಬೀದಿ. ಅಂದು ರಾತ್ರಿ ಷಬ್-ಎ-ಬರಾತ್ ಇತ್ತು. ಹಿರಿಯರ ಗೋರಿಗಳ ಹತ್ತಿರ ಹೋಗಿ ಬತ್ತಿ ಹಚ್ಚಿ ಪ್ರಾರ್ಥನೆ ಮಾಡುವ ದಿನ. ಅಂಥ ದಿನ ಬತ್ತಿ ವ್ಯಾಪಾರ ಜೋರಾಗಿರಬೇಕು, ಆ ವಾರ ಹಾಗಿರಲಿಲ್ಲ ಅಂತ ಆಮೇಲೆ ಭಾಯಿ ಹೇಳಿದರು.

ಭಾಯಿ ಮನೆಯ ಹಿಂದಿನ ಓಣಿಯಲ್ಲಿ ಬತ್ತಿ ಹೊಸೆಯುವ ಮನೆ. ನನ್ನ ಕಟ್ಟುಗಳು ಇನ್ನೂ ಪೂರ್ತಿ ಒಣಗಿರಲಿಲ್ಲ, ಒಂದು ಗಂಟೆ ಕಾಯಿರಿ ಅಂದರು. ಕಾದೆ. ಅದರಿಂದಲೇ ಇಷ್ಟು ಬರೆಯಲು ಆಯಿತು.

ಒಂದು ಕೋಣೆ, ಒಂದು ಅಡುಗೆ ಮೂಲೆ. ಮಧ್ಯೆ ಮರದ ಮಣೆ. ಇದ್ದಿಲ ಪುಡಿ, ಮರದ ಹೊಟ್ಟು, ಜಿಗತ್ ಅನ್ನುವ ಅಂಟು ಬರುವ ತೊಗಟೆ ಪುಡಿ, ಮಸಾಲೆಯ ಪುಡಿಗಳು, ಎಲ್ಲ ಸೇರಿಸಿ ಚಪಾತಿ ಹಿಟ್ಟಿನ ಹಾಗೆ ನಾದಿದ ಕಪ್ಪು ಮುದ್ದೆ. ಆ ಹೆಂಗಸಿಗೆ ಐವತ್ತರ ಹತ್ತಿರ ವಯಸ್ಸಿರಬಹುದು. ಎಡಗೈಯಲ್ಲಿ ಬಿದಿರು ಕಡ್ಡಿ, ಬಲಗೈಯಲ್ಲಿ ಚಿಟಿಕೆ ಮುದ್ದೆ. ಅಂಗೈಯನ್ನು ಒಂದು ಸಲ ಮುಂದಕ್ಕೆ ಉಜ್ಜಿದರೆ ಬತ್ತಿ. ಒಂದೇ ಸಲ. ನಾನೂ ಕೂತು ನೋಡಿದೆ. ನನ್ನದು ಮಧ್ಯೆ ಗಂಟು ಗಂಟಾಗಿ, ತುದಿಯಲ್ಲಿ ಕಡ್ಡಿ ಬರೀ ಬೆತ್ತಲೆ. ಅವರು ನಕ್ಕು, "ಬಿಡಿ ಅಕ್ಕ, ನಿಮ್ಮ ಕೈ ಕಪ್ಪಾಗುತ್ತೆ" ಅಂದರು. ಅವರ ಅಂಗೈ ಗೆರೆಗಳಲ್ಲಿ ಕಪ್ಪು ನಿಂತುಬಿಟ್ಟಿದೆ. ಮದುವೆ ಮನೆಗೆ ಹೋಗುವಾಗ ನಿಂಬೆಹಣ್ಣು ಹಾಕಿ ಉಜ್ಜುತ್ತಾರಂತೆ, ಪೂರ್ತಿ ಹೋಗುವುದಿಲ್ಲವಂತೆ.

ಸಾವಿರ ಬತ್ತಿಗೆ ಎಷ್ಟು ಅಂತ ಕೇಳಿದೆ. 40 ರೂಪಾಯಿ ಅಂದರು. ದಿನಕ್ಕೆ ಎಷ್ಟು ಹೊಸೆಯುತ್ತೀರಿ ಅಂದೆ. ಮಗಳು ಕೂತರೆ 4,000, ಮನೆ ಕೆಲಸ ಜಾಸ್ತಿ ಇದ್ದರೆ 3,000. ನಾಲ್ಕು ಸಾವಿರಕ್ಕೆ 160 ರೂಪಾಯಿ, ಅದೂ ಇಬ್ಬರು ಸೇರಿ.

ಆಗ ತಲೆಯಲ್ಲಿ ನನ್ನ ಆರ್ಡರಿನ ಲೆಕ್ಕ ಓಡಿತು. 3,000 ಕಡ್ಡಿ. ಹೊಸೆದ ಕೂಲಿ 120 ರೂಪಾಯಿ. ನಾನು ಅಂಗಡಿಯಲ್ಲಿ ಚೌಕಾಸಿ ಮಾಡಿ ಇಳಿಸಿದ್ದು 200.

ಭಾಯಿ ಅವರನ್ನು ಸುಲಿಯುತ್ತಾರೆ ಅಂತ ಹೇಳುತ್ತಿಲ್ಲ. ಅವರದೂ ಬಾಡಿಗೆ ಅಂಗಡಿ. ಸಾಮಾನಿನ ಖರ್ಚು ಕೇಳಿದರೆ ಅವರದು ಒಂದು ದೊಡ್ಡ ಪುರಾಣ. ಬಿದಿರು ಕಡ್ಡಿ ಒಂದು ಕಾಲಕ್ಕೆ ತ್ರಿಪುರಾದಿಂದ ಬರುತ್ತಿತ್ತು, ಆಮೇಲೆ ಚೀನಾ, ವಿಯೆಟ್ನಾಂನಿಂದ ಸಸ್ತಾ ಮಾಲು ಬಂತು. ಬರೀ ಕಡ್ಡಿಯಲ್ಲ, ಹೊಸೆದ ಕಚ್ಚಾ ಬತ್ತಿಯೇ ಹಡಗಿನಲ್ಲಿ ಬರಲು ಶುರುವಾಯಿತು. 2019ರ ಆಗಸ್ಟಿನಲ್ಲಿ ಸರ್ಕಾರ ಬತ್ತಿ ಆಮದಿಗೆ ಕಡಿವಾಣ ಹಾಕಿತು, 2020ರಲ್ಲಿ ಬಿದಿರಿನ ಆಮದು ಸುಂಕವನ್ನು 25%ಗೆ ಏರಿಸಿತು. ಇಲ್ಲಿನವರಿಗೆ ಕೆಲಸ ಸಿಗಲಿ ಅಂತ ಮಾಡಿದ್ದು. ಕೆಲಸ ಸಿಕ್ಕಿತು, ಜೊತೆಗೆ ಮೆಷಿನ್ನೂ ಬಂತು. ಮೆಷಿನ್ ಇಡಲು ಬಂಡವಾಳ ಇದ್ದವರು ಇಟ್ಟರು. ಈ ಓಣಿಗೆ ಉಳಿದದ್ದು ಮೆಷಿನ್ನಿಗೆ ಒಗ್ಗದ ಒರಟು ಮಸಾಲೆ ಬತ್ತಿ.

ಮೊದಲು ಈ ಅಮ್ಮ ಬೇರೆ ಒಬ್ಬ ಕಂಟ್ರಾಕ್ಟರನಿಗೆ ಹೊಸೆದುಕೊಡುತ್ತಿದ್ದರಂತೆ. ಯಾವ ಕಂಪನಿಗೆ ಅಂದರೆ ಗೊತ್ತಿಲ್ಲ. ಆತ ಸೈಕಲ್ಲಿನಲ್ಲಿ ಬಂದು ಪುಡಿ, ಕಡ್ಡಿ ತೂಕ ಮಾಡಿ ಕೊಡುತ್ತಿದ್ದ, ಬತ್ತಿ ತೂಕ ಮಾಡಿ ಒಯ್ಯುತ್ತಿದ್ದ. ತೂಕದಲ್ಲಿ ಕಡಿಮೆ ಬಂದರೆ ಕೂಲಿಯಲ್ಲಿ ಮುರಿದುಕೊಳ್ಳುತ್ತಿದ್ದ. ಕಚ್ಚಾ ಬತ್ತಿಗೆ ಹೆಸರಿಲ್ಲ, ವಾಸನೆಯೂ ಇಲ್ಲ, ಬರೀ ಕಪ್ಪು ಕಡ್ಡಿ. ಸೆಂಟಿನಲ್ಲಿ ಅದ್ದಿ, ದೇವರ ಫೋಟೋ ಇರುವ ಡಬ್ಬಿಗೆ ತುಂಬುವುದು ಇನ್ನೆಲ್ಲೋ.

ಊದುಬತ್ತಿ ಕೆಲಸ ಕರ್ನಾಟಕದ ಕನಿಷ್ಠ ವೇತನದ ಪಟ್ಟಿಯಲ್ಲಿದೆ. ಪಟ್ಟಿಯಲ್ಲಿ ಇದ್ದರೇನು, ಮನೆಯಲ್ಲಿ ಕೂತು ಹೊಸೆಯುವವರು ಯಾರ ಹತ್ತಿರ ಹೋಗಿ ಕೇಳಬೇಕು? ಧಣಿ ಯಾರು ಅಂತಲೇ ಗೊತ್ತಿಲ್ಲವಲ್ಲ. ಬೀಡಿ ಕಟ್ಟುವವರಿಗಾದರೂ 1966ರಲ್ಲೇ ಒಂದು ಕಾಯ್ದೆ ಬಂತು, 1976ರಲ್ಲಿ ಕಲ್ಯಾಣ ನಿಧಿ ಕಾಯ್ದೆ ಬಂತು, ಗುರುತಿನ ಚೀಟಿ ಇದೆ. ಅದೇ ಓಣಿಯ ಎದುರು ಮನೆಯಲ್ಲಿ ಬೀಡಿ ಕಟ್ಟುವ ಹೆಂಗಸು ಕಾರ್ಡ್ ತೋರಿಸಿದರು, ಪ್ಲಾಸ್ಟಿಕ್ ಕವರಿನಲ್ಲಿ ಮಡಚಿಟ್ಟಿದ್ದರು. ಬತ್ತಿ ಅಮ್ಮನ ಹತ್ತಿರ ಅಂಥದ್ದೇನೂ ಇಲ್ಲ. ಗೃಹಲಕ್ಷ್ಮಿ 2,000 ಬರುತ್ತದೆ. ಅವರ ಲೆಕ್ಕದಲ್ಲಿ ಅದು 50,000 ಬತ್ತಿ. ಹನ್ನೆರಡೂವರೆ ದಿನದ ಕೆಲಸ. ಆ ಯೋಜನೆ ಶುರುವಾದದ್ದೇ ಮೈಸೂರಿನ ಮಹಾರಾಜ ಕಾಲೇಜು ಮೈದಾನದಲ್ಲಿ, 2023ರ ಆಗಸ್ಟ್ 30ಕ್ಕೆ. ಬಿಟ್ಟಿ ಭಾಗ್ಯ ಅಂತ ನಾನೂ ಮಾತಾಡಿದ್ದೆ, ಈಗ ಸುಮ್ನೆ ಇದ್ದೇನೆ.

ಈ ಕೆಲಸ ಮಾಡುವವರೆಲ್ಲ ಮುಸ್ಲಿಮರೇ ಅಂತಲ್ಲ. ಬಡವರ ಬೀದಿ ಎಲ್ಲಿದೆಯೋ ಅಲ್ಲೆಲ್ಲ ಹೊಸೆಯುತ್ತಾರೆ. ಆದರೆ ಮುಸ್ಲಿಮರ ಸ್ಥಿತಿಗತಿ ಬಗ್ಗೆ ಕೇಂದ್ರ ಸರ್ಕಾರ ಮಾಡಿಸಿದ 2006ರ ಸಾಚಾರ್ ವರದಿಯಲ್ಲಿ ಒಂದು ಅಂಕಿ ಇದೆ: ದುಡಿಯುವ ಮುಸ್ಲಿಂ ಹೆಂಗಸರಲ್ಲಿ 70% ಮಂದಿ ಮನೆಯೊಳಗೇ ಕೂತು ದುಡಿಯುತ್ತಾರೆ, ದೇಶದಲ್ಲಿ ದುಡಿಯುವ ಎಲ್ಲ ಹೆಂಗಸರನ್ನು ಸೇರಿಸಿದರೆ ಅದು 51%. ಹಳೆ ಅಂಕಿ, ನಿಜ. ನಾನು ಆ ಓಣಿಯಲ್ಲಿ ಕೂತಿದ್ದ ಒಂದು ಗಂಟೆಯಲ್ಲಿ ಬಾಗಿಲು ತೆರೆದ ಪ್ರತಿ ಮನೆಯಲ್ಲೂ ಒಂದಲ್ಲ ಒಂದು ಕೈಕೆಲಸ ನಡೆಯುತ್ತಿತ್ತು.

ಗಲಾಟೆಯಾದ ಮೇಲೆ ಮೂರು ದಿನ ಇವರಿಗೆ ಪುಡಿ ಬರಲಿಲ್ಲ, ಹೊಸೆದದ್ದು ಹೋಗಲಿಲ್ಲ. ಮೂರು ದಿನಕ್ಕೆ 480 ರೂಪಾಯಿ. ಅದು ಯಾವ ಪೇಪರಿನಲ್ಲೂ ಬರುವ ನಷ್ಟವಲ್ಲ. 2009ರ ಜುಲೈನಲ್ಲಿ ಕ್ಯಾತಮಾರನಹಳ್ಳಿ ಗಲಾಟೆಯಾಗಿ ಕರ್ಫ್ಯೂ ಹಾಕಿದಾಗ ಇನ್ನೂ ಕಷ್ಟವಾಗಿತ್ತಂತೆ, ನಾದಿದ ಮುದ್ದೆ ಒಣಗಿ ಕಲ್ಲಾಯಿತು, ಅದರ ದುಡ್ಡನ್ನೂ ಕಂಟ್ರಾಕ್ಟರ್ ಇವರ ಲೆಕ್ಕಕ್ಕೇ ಹಾಕಿದ ಅಂದರು. ಕರ್ಫ್ಯೂಗೂ ಕೂಲಿಯಲ್ಲಿ ಮುರಿಯುವುದು ಅಂದರೆ ಏನು ಹೇಳೋಣ.

ಅವರ ಮಗ ಕಾಲೇಜು ಬಿಟ್ಟು ಗ್ಯಾರೇಜಿಗೆ ಹೋಗುತ್ತಾನೆ. ಆ ವಾರ ಅವನನ್ನು ಹೊರಗೇ ಬಿಟ್ಟಿರಲಿಲ್ಲ. ಪೊಲೀಸರು ವಿಡಿಯೋ ನೋಡಿ ಹುಡುಗರನ್ನು ಕರೆದೊಯ್ಯುತ್ತಿದ್ದಾರೆ, ಇವನು ಆ ರಾತ್ರಿ ಮನೆಯಲ್ಲೇ ಇದ್ದ, ಆದರೆ ಇದ್ದ ಅಂತ ಹೇಳುವವಳು ನಾನೊಬ್ಬಳೇ ಅಂದರು. ಅಷ್ಟು ಹೇಳಿ ಮತ್ತೆ ಮಣೆ ಕಡೆ ತಿರುಗಿದರು.

ಈಗ ನನ್ನ ದೊಡ್ಡಮ್ಮನ ವಿಷಯ. ನಾವು ಮಂಡ್ಯದ ಗೌಡರು, ದೊಡ್ಡಮ್ಮನ ಊರು ನಾಗಮಂಗಲದ ಹತ್ತಿರ. ಗೃಹಪ್ರವೇಶಕ್ಕೆ ಎರಡು ದಿನ ಮೊದಲೇ ಬಂದಿದ್ದರು. ಕಟ್ಟುಗಳನ್ನು ನೋಡಿ, ಎಲ್ಲಿ ತಂದೆ ಅಂತ ಕೇಳಿ, ಗೊತ್ತಾದ ಮೇಲೆ, "ಅಲ್ಲ ಕಣವ್ವ, ದೇವ್ರಿಗೆ ಹಚ್ಚೋ ಗಂಧದ್ ಕಡ್ಡಿಯ ಸಾಬ್ರು ತಾವ ತಂದಿದ್ದೀಯಲ್ಲ, ಬುದ್ಧಿ ಅದಾ ನಿಂಗೆ?" ಅಂದರು. ನಿಮ್ಮ ಡಬ್ಬಿ ಕಡ್ಡಿಯನ್ನು ಯಾರು ಹೊಸೆಯುತ್ತಾರೆ ದೊಡ್ಡಮ್ಮ, ಅಂದೆ. "ಕಂಪ್ನಿಯೋರು" ಅಂದರು.

ದೊಡ್ಡಮ್ಮನಿಗೆ ಸಿಟ್ಟಿರುವುದು ಸುಮ್ನೆ ಅಲ್ಲ. 2024ರ ಸೆಪ್ಟೆಂಬರ್ 11ರಂದು ನಾಗಮಂಗಲದಲ್ಲಿ ಗಣೇಶನ ಮೆರವಣಿಗೆ ಹೊತ್ತಿನಲ್ಲಿ ಗಲಾಟೆಯಾಗಿ ಅಂಗಡಿಗಳು ಸುಟ್ಟುಹೋದವು. ಅವರು ಬಟ್ಟೆ ತಗೊಳ್ಳುತ್ತಿದ್ದ ಬೀದಿ ಅದು. ಆದರೆ ಅಲ್ಲಿ ಸುಟ್ಟುಹೋದದ್ದು ಎರಡೂ ಕಡೆಯವರ ಅಂಗಡಿ, ಅದನ್ನು ದೊಡ್ಡಮ್ಮನೂ ಒಪ್ಪುತ್ತಾರೆ. ಅವರ ಮೊಮ್ಮಗನ ಬೈಕ್ ರಿಪೇರಿ ಮಾಡುತ್ತಿದ್ದ ಹುಡುಗ ಆಮೇಲೆ ಊರಲ್ಲೇ ಕಾಣಲಿಲ್ಲ, "ಒಳ್ಳೆ ಹುಡ್ಗ ಕಣವ್ವ ಅವ್ನು" ಅಂತ ತಾವೇ ಹೇಳಿದರು. ಆ ಹುಡುಗ ಬೇರೆ, ಸಾಬರು ಬೇರೆ, ಅವರ ಲೆಕ್ಕದಲ್ಲಿ.

ನಮ್ಮ ವಾಟ್ಸಾಪ್ ಗುಂಪಿನವರ ಮಾತು ಇನ್ನೊಂದು ಥರ. ಅವರಿಗೆ ಎಲ್ಲ ಸಿಗುತ್ತೆ, ಮೀಸಲಾತಿನೂ ಇದೆ, ಆದರೂ ಕಲ್ಲು ಹೊಡೀತಾರೆ ಅನ್ನುತ್ತಾರೆ. ಅಲ್ಲಿ ಬರೆದರೆ ಜಗಳ ಆಗುತ್ತದೆ ಅಂತ ಬರೆಯಲಿಲ್ಲ, ಇಲ್ಲಿ ಬರೆಯುತ್ತೇನೆ. ಇದೇ ಮೈಸೂರಿನಲ್ಲಿ 1918ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ಮುಖ್ಯ ನ್ಯಾಯಾಧೀಶ ಲೆಸ್ಲಿ ಮಿಲ್ಲರ್ ಅವರ ಸಮಿತಿ ಮಾಡಿದರು. ಸರ್ಕಾರಿ ಕೆಲಸದಲ್ಲಿ ಬ್ರಾಹ್ಮಣರೇ ತುಂಬಿದ್ದಾರೆ, ಉಳಿದವರಿಗೂ ಜಾಗ ಬೇಕು ಅಂತ. ಆ "ಉಳಿದವರ" ಪಟ್ಟಿಯಲ್ಲಿ ನಮ್ಮ ಒಕ್ಕಲಿಗರು, ಲಿಂಗಾಯತರು, ಮುಸ್ಲಿಮರು ಎಲ್ಲ ಒಟ್ಟಿಗೆ ಇದ್ದರು. ಒಂದೇ ಬೆಂಚು. ದಿವಾನ್ ವಿಶ್ವೇಶ್ವರಯ್ಯನವರಿಗೆ ಅದು ಒಪ್ಪಿಗೆಯಾಗಲಿಲ್ಲ, ಆಮೇಲೆ ಅವರು ದಿವಾನಗಿರಿ ಬಿಟ್ಟರು. ನೂರು ವರ್ಷ ಆಯಿತು. ನಮ್ಮವರು ಹಾಸ್ಟೆಲ್ಲಿನಲ್ಲಿ ಓದಿದರು, ಇಂಜಿನಿಯರಾದರು, ಮಂತ್ರಿಯಾದರು, ಮುಖ್ಯಮಂತ್ರಿಯಾದರು, ಕಾಲೇಜು ಕಟ್ಟಿದರು. ನಮ್ಮಲ್ಲೂ ಸಾಲದಲ್ಲಿ ಮುಳುಗಿದ ಕಬ್ಬು ಬೆಳೆಗಾರರಿದ್ದಾರೆ, ಇಲ್ಲ ಅನ್ನುವುದಿಲ್ಲ, ನನ್ನ ಚಿಕ್ಕಪ್ಪನೇ ಇದ್ದಾರೆ. ಆದರೆ ಆ ಬೆಂಚಿನಲ್ಲಿ ಜೊತೆಗೆ ಕೂತಿದ್ದವರನ್ನು ತಿರುಗಿ ನೋಡಿದವರು ಕಡಿಮೆ. 2023ರ ಮಾರ್ಚಿನಲ್ಲಿ ಆಗಿನ ಸರ್ಕಾರ ಮುಸ್ಲಿಮರಿಗೆ 2ಬಿ ಪಟ್ಟಿಯಲ್ಲಿದ್ದ 4% ಮೀಸಲಾತಿ ತೆಗೆದು ಒಕ್ಕಲಿಗರಿಗೆ 2, ಲಿಂಗಾಯತರಿಗೆ 2 ಅಂತ ಹಂಚಿತು. ಸುಪ್ರೀಂ ಕೋರ್ಟಿಗೆ ಹೋಗಿ ಅದು ಜಾರಿಯಾಗಲಿಲ್ಲ. ಅವತ್ತು ನಮ್ಮ ಮನೆಯಲ್ಲಿ ಸಿಹಿ ಮಾಡಿದ್ದರು, ನಾನೂ ತಿಂದಿದ್ದೆ. ಯಾರ ಎಲೆಯಿಂದ ತೆಗೆದದ್ದು ಅಂತ ಕೇಳಲಿಲ್ಲ.

ಬತ್ತಿಗೆ ಬರೋಣ. ಮೈಸೂರು ಊದುಬತ್ತಿಯ ಹಳೆ ಕಥೆ ಹೇಳುವಾಗ ಎರಡು ಹೆಸರು ಒಟ್ಟಿಗೆ ಬರುತ್ತವೆ, ಅತ್ತಾರ್ ಖಾಸಿಂ ಸಾಹೇಬರು ಮತ್ತು ಟಿ.ಎಲ್. ಉಪಾಧ್ಯಾಯರು. ಈ ಊರಿನ ವ್ಯಾಪಾರ ಶುರುವಾದದ್ದು ಹೀಗೆ. 2005ರಲ್ಲಿ ಮೈಸೂರು ಅಗರಬತ್ತಿಗೆ ಜಿಐ ಟ್ಯಾಗ್, ಅಂದರೆ ಇಂಥ ಊರಿನದೇ ಅನ್ನುವ ಸರ್ಕಾರಿ ಗುರುತು, ಬಂತು, ಮೈಸೂರು ಅನ್ನುವ ಹೆಸರಿಗೇ ಬೆಲೆ ಇದೆ ಅಂತ. ಬತ್ತಿ ಅಮ್ಮನಿಗೆ ಜಿಐ ಟ್ಯಾಗ್ ಗೊತ್ತಾ ಅಂತ ಕೇಳಲು ಹೊರಟು ನಿಲ್ಲಿಸಿದೆ, ನಾಚಿಕೆಯಾಯಿತು.

ಗೃಹಪ್ರವೇಶ ಚೆನ್ನಾಗಿ ಆಯಿತು. ಕಟ್ಟುಗಳು 120ಕ್ಕೆ 118 ಇದ್ದವು, ಇದು ಎರಡನೇ ದೂರು. ದಾರದ ಕಟ್ಟು ಸಡಿಲ, ಒಂದಷ್ಟು ಬಿಚ್ಚಿಕೊಂಡವು. ಬಾಕಿ ಕೊಡುವಾಗ ಇಳಿಸಿದ್ದ 200 ಸೇರಿಸಿ ಕೊಟ್ಟೆ. ಭಾಯಿ ಎಣಿಸಿ, 200 ವಾಪಸ್ ಕೊಟ್ಟು, "ರೇಟು ಆಗಿದೆಯಲ್ಲಮ್ಮ" ಅಂದರು. ಅದು ಆ ಮನೆಗೆ ಅಂದೆ. ಇಟ್ಟುಕೊಂಡರು. ತಲುಪಿತೋ ಇಲ್ಲವೋ ನಾನು ಕೇಳಲಿಲ್ಲ.

ದೊಡ್ಡಮ್ಮ ದೇವರ ಮನೆಯಲ್ಲಿ ತಮ್ಮ ಡಬ್ಬಿ ಕಡ್ಡಿಯನ್ನೇ ಹಚ್ಚಿದರು. ಊರಿಗೆ ಹೋಗುವಾಗ ಉಳಿದ ಎರಡು ಕಟ್ಟು ಬ್ಯಾಗಿಗೆ ಹಾಕಿಕೊಂಡರು. ವಾರ ಬಿಟ್ಟು ಫೋನ್ ಮಾಡಿ, "ನಿನ್ ಕಡ್ಡಿಯ ಬಚ್ಚಲು ಮನೇಲಿ ಹಚ್ಚಿವ್ನಿ, ವಾಸ್ನೆ ಚೆಂದಾಗದೆ, ಶಾನೆ ಹೊತ್ತು ಇರ್ತದೆ" ಅಂದರು.

ಹೋಗುವವರಿಗೆ: ಶುಕ್ರವಾರ ಮಧ್ಯಾಹ್ನ ಅಂಗಡಿ ಒಂದೆರಡು ಗಂಟೆ ಮುಚ್ಚಿರುತ್ತದೆ. ಹೆಸರು ಹಾಕಿಲ್ಲ, ಗಲಾಟೆಯ ಮಾತಿನ ಜೊತೆ ಯಾರದ್ದೋ ಅಂಗಡಿಯ ಹೆಸರು ಎಲ್ಲೆಲ್ಲೋ ಸುತ್ತುವುದು ಬೇಡ ಅಂತ. ಕುಂಕುಮದ ಸಾಲಿನಲ್ಲಿ ಕೈಯಲ್ಲಿ ಹೊಸೆದ ಕಪ್ಪು ಮಸಾಲೆ ಬತ್ತಿ ಕೊಡಿ ಅಂತ ಕೇಳಿ, ಎರಡು ಮೂರು ಅಂಗಡಿಯಲ್ಲಿ ಸಿಗುತ್ತದೆ. ಕಡ್ಡಿ ಒಂದೇ ದಪ್ಪ ಇದ್ದರೆ ಮೆಷಿನ್ನಿನದು. ಹಾಲ್ಮಡ್ಡಿ ಮಳೆಗಾಲದಲ್ಲಿ ತಗೊಳ್ಳಬೇಡಿ. ಜಾಸ್ತಿ ಬೇಕಿದ್ದರೆ ಹದಿನೈದು ದಿನ ಮೊದಲೇ ಹೇಳಿ, ಕಟ್ಟು ಎಣಿಸಿ ತಗೊಳ್ಳಿ. ಡಬ್ಬಿ ಮನೆಯಿಂದಲೇ ಒಯ್ಯಿರಿ, ಅವರು ಕೊಡುವುದು ನ್ಯೂಸ್‌ಪೇಪರ್. ಫೋನ್‌ಪೇ ಇದೆ.